ಯಾವ ಬೆಂಚು?

ಆಲೂರಿಂದ ಸಕಲೇಶಪುರಕ್ಕೆ ಹೋಗೋ ದಾರೀಲಿ ಹೆಂಚಿನ ಮಾಡಿನ ಒಂದು ಹಳೇ ಹೋಟ್ಲು. ಮುಂದೆ ಕಡುಬು, ಕೋಳಿಸಾರು. ಹಿಂದೆ ಪರದೆ ಸರಿಸಿದರೆ ಕ್ವಾರ್ಟರ್ ಬಾಟ್ಲಿ. ಕಾಫಿ ಕುಯ್ಯೋ ಕಾಲ, ಬಟವಾಡೆ ದಿನ, ಅಪ್ಪನ ಜೊತೆ ಹೋಗಿದ್ದೆ. ಹೊಗೆ ಹಿಡಿದ ಗೋಡೆ, ಅಲ್ಲಾಡೋ ಬೆಂಚು. ನನಗೆ ಆ ಜಾಗ ಇಷ್ಟ, ಸುಳ್ಳು ಯಾಕೆ ಹೇಳಲಿ. ಅಲ್ಲಿ ಯಾರೂ 'ಯಾವ ಜನ' ಅಂತ ಕೇಳಲ್ಲ.

ಅಪ್ಪ ಬೆಂಚು ಸವರಿ ಅಂದ: "ನಮ್ ಕಾಲ್ದಲ್ಲಿ ನಮ್ಮುನ್ನ ಒಳಿಕ್ಕೆ ಕರ್ದು ಕುಂಡುಸ್ತಿದ್ದುದು ಸಾರಾಯಿ ಅಂಗ್ಡಿ ಒಂದೇ ಮಗ. ಕಾಫಿ ಹೋಟ್ಲಲ್ಲಿ ಹೊರಗ್ ನಿಲ್ಸಿ ಚಿಪ್ಪಿಗೆ ಹುಯ್ಯೋರು."

ಕಾಫಿ ಕುಯ್ದ ಕೈಗೇ ಕಾಫಿ ಲೋಟ ಇಲ್ಲ! 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟ್ಲು, ಅಂಗಡಿಗಳಲ್ಲಿ ಜಾತಿ ನೋಡಿ ಯಾರನ್ನೂ ತಡೆಯಬಾರದು ಅನ್ನುತ್ತೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೂ ಬಂತು. ಅಪ್ಪನಿಗೆ ಮೊದಲು ಬೆಂಚು ಕೊಟ್ಟದ್ದು ಮಾತ್ರ ಕಾನೂನಲ್ಲ, ಸಾರಾಯಿ ಕಂಟ್ರಾಕ್ಟರನ ಗಲ್ಲಾಪೆಟ್ಟಿಗೆ. ಬಟವಾಡೆ ಅಲ್ಲೇ ಖಾಲಿ. ಅವ್ವ ಅಕ್ಕಿಗೆ ಸಾಲ ಮಾಡೋಳು.

2007ರ ಜುಲೈನಲ್ಲಿ ಸಾರಾಯಿ ನಿಂತಿತು. ಬ್ರಾಂದಿ, ವಿಸ್ಕಿ ನಿಲ್ಲಲಿಲ್ಲ.

ಕುಡೀಬೇಡಿ ಅಂತ ಸಭೆಗಳಲ್ಲಿ ಭಾಷಣ ಮಾಡೋ ಗೆಳೆಯರೇ, ಮಾಡಿ. ನಾನೂ ಚಪ್ಪಾಳೆ ತಟ್ತೀನಿ. ಆದರೆ ಅಪ್ಪನಂಥೋರು ಈ ಬೆಂಚು ಬಿಟ್ಟು ಯಾವ ಬೆಂಚಿಗೆ ಎದ್ದು ಬರಬೇಕು, ಅದನ್ನೂ ಹೇಳಿ.

ಏಳುವಾಗ ಅಪ್ಪ ತನ್ನ ಲೋಟ ತಾನೇ ತೊಳೆಯೋಕೆ ಎತ್ಕೊಂಡ. "ಬುಡಣ್ಣ, ನಾವ್ ತೊಳೀತೀವಿ" ಅಂದ ಹೋಟ್ಲಿನವನು. ಅಪ್ಪ ತೊಳೆದೇ ಇಟ್ಟ.