ನನ್ನ ಎರಡು ಬಲಗಾಲಿನ ಪೈಜಾಮ

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಒಂದು ಸಣ್ಣ ಜಗಳ ಆಯ್ತು. ಪ್ಯಾಂಟಿನ ಉದ್ದ ಕಡಿಮೆ ಮಾಡೋಕೆ ಟೈಲರ್ ನೂರೈವತ್ತು ರೂಪಾಯಿ ಕೇಳಿದ ಅಂತ ಗೆಳೆಯನೊಬ್ಬ ಗೊಣಗ್ತಾ ಇದ್ದ. "ಹತ್ತು ನಿಮಿಷದ ಕೆಲಸ ಕಣೋ. ಎರಡು ಗೆರೆ ಹೊಲಿಗೆ ಹಾಕೋಕೆ ಏನು ಮಹಾ ಸ್ಕಿಲ್ ಬೇಕು?" ಅಂದ. ಆರು ತಿಂಗಳ ಹಿಂದಾಗಿದ್ರೆ ನಾನೂ ಹೂಂ ಅಂತಿದ್ದೆ. ಈಗ ಅನ್ನೋಕಾಗಲ್ಲ. ಯಾಕಂದ್ರೆ ಈ ನಡುವೆ ನಾನೊಂದು ಪೈಜಾಮ ಹೊಲಿದಿದ್ದೀನಿ!

ದೊಡ್ಡನೆಕ್ಕುಂದಿಯಲ್ಲಿ ನಮ್ಮ ಮನೆಯ ಕೆಳಗಡೆ ಒಬ್ಬರು ಅಕ್ಕ ಇದ್ದಾರೆ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯಲ್ಲಿ ಹಳೇ ತುಳಿಯೋ ಮಿಷನ್ನು. "ಕಲಿಸಿಕೊಡಿ ಅಕ್ಕ, ಒಂದು ಭಾನುವಾರ ಸಾಕು" ಅಂದೆ. ಅವರು ನಕ್ಕಿದ್ದು ಯಾಕೆ ಅಂತ ಆಮೇಲೆ ಗೊತ್ತಾಯ್ತು.

ಮೊದಲನೇ ಭಾನುವಾರ ದಾರಾನೇ ಇಲ್ಲ. ಗೆರೆ ಇರೋ ನೋಟ್‌ಬುಕ್ ಹಾಳೆ ಮೇಲೆ ಬರೀ ಸೂಜಿ ಓಡಿಸಬೇಕು. ಕಾಲು ಹಿಂದೆ ಮುಂದೆ ತುಳಿದು ಚಕ್ರ ಉಲ್ಟಾ ತಿರುಗಿದ್ದೇ ತಿರುಗಿದ್ದು. ದಾರ ಹಾಕಿದ ಮೇಲೆ ಕೆಳಗಡೆ ಹಕ್ಕಿಗೂಡು. ಮಿಷನ್ನೇ ಸರಿ ಇಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕ ಕೂತು ತುಳಿದರೆ ಅದೇ ಮಿಷನ್ನು ಹಾಡಿದ ಹಾಗೆ ಓಡ್ತು.

ಎರಡನೇ ಭಾನುವಾರ ಕಟಿಂಗ್. ಒಂದೇ ಕಡೆ ಪ್ರಿಂಟ್ ಇದ್ದ ಎರಡೂವರೆ ಮೀಟರ್ ಕಾಟನ್. ಬಟ್ಟೆ ಮಡಿಸಿ ಎರಡೂ ಕಾಲು ಒಟ್ಟಿಗೆ ಕತ್ತರಿಸು ಅಂತ ಅಕ್ಕ ಹೇಳಿ ಹೋಗಿದ್ರು. ನಾನು ಜಾಣ ನೋಡಿ, ಪೇಪರ್ ಅಳತೆಯನ್ನ ಒಂದೇ ಮಗ್ಗುಲಲ್ಲಿ ಎರಡು ಸಲ ಇಟ್ಟು ಕತ್ತರಿಸಿದೆ. ಎರಡೂ ಬಲಗಾಲೇ! ಕಂಟ್ರೋಲ್ ಝೆಡ್ ಎಲ್ಲಿಂದ ತರೋದು ಮಾರಾಯ್ರೆ? ಮತ್ತೆ ಬಟ್ಟೆ ತಂದೆ. ಹಿಂದಿನ ಕಟ್ಟು ಮುಂದಿನದಕ್ಕಿಂತ ಎತ್ತರ ಯಾಕೆ ಇರಬೇಕು ಅಂತ ಆ ದಿನವೇ ತಿಳೀತು. ಇಲ್ಲದಿದ್ದರೆ ನಿಂತಾಗ ಚೆನ್ನಾಗಿರುತ್ತೆ, ಕೂತಾಗ ಸೊಂಟದಿಂದ ಜಾರುತ್ತೆ. ಇಪ್ಪತ್ತೆಂಟು ವರ್ಷ ಪ್ಯಾಂಟ್ ಹಾಕಿ ಓಡಾಡಿದವನಿಗೆ ಅದರ ಹಿಂಭಾಗ ಬೇರೆ, ಮುಂಭಾಗ ಬೇರೆ ಅಂತ ಗೊತ್ತಿರಲಿಲ್ಲ.

ಮೂರನೇ ಭಾನುವಾರಕ್ಕೆ ಲಾಡಿ ಸಮೇತ ಪೈಜಾಮ ಮುಗೀತು. ಒಂದು ಕಾಲು ಅರ್ಧ ಇಂಚು ಗಿಡ್ಡ. ಪರವಾಗಿಲ್ಲ, ಈಗಲೂ ಅದನ್ನೇ ಹಾಕ್ಕೊಂಡು ಬರೀತಿದ್ದೀನಿ.

ಈಗ ವಿಷಯಕ್ಕೆ ಬರ್ತೀನಿ. ಮೇಲಿನ ದಾರ, ಬಾಬಿನ್ನಿನ ದಾರ ಎರಡನ್ನೂ ಹೆಣೆಯೋ ಹೊಲಿಗೆ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದು 1846ರಲ್ಲಿ. ಇಷ್ಟು ವರ್ಷ ಆದರೂ ನಾವು ಹಾಕೋ ಬಹುತೇಕ ಬಟ್ಟೆಯನ್ನ ಮಿಷನ್ನಿಗೆ ತಿನ್ನಿಸೋದು ಮನುಷ್ಯರ ಕೈಯೇ. ಬಟ್ಟೆ ಜಗ್ಗುತ್ತೆ, ಜಾರುತ್ತೆ, ಸುಕ್ಕಾಗುತ್ತೆ. ಅದನ್ನ ಹಿಡಿಯೋದು ರೋಬೋಟಿಗೆ ಬಹಳ ಕಷ್ಟ. ನಾನು ಹೊಟ್ಟೆಪಾಡಿಗೆ ಬರೆಯೋ ಕೋಡನ್ನ ಎಐ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತೆ. ಹಾಗಾದ್ರೆ ಸ್ಕಿಲ್ ಯಾರ ಹತ್ತಿರ ಇರೋದು ಸ್ವಾಮಿ?

ಅಕ್ಕನ ಫ್ಯಾಕ್ಟರಿಯಲ್ಲಿ ಒಂದು ಶರ್ಟನ್ನ ಹತ್ತಾರು ಕೆಲಸವಾಗಿ ಒಡೆದು ಒಬ್ಬೊಬ್ಬರಿಗೆ ಒಂದೊಂದು ಕೊಡ್ತಾರೆ. ಅಕ್ಕನ ಪಾಲಿಗೆ ಕಾಲರ್. ಗಂಟೆಗಿಷ್ಟು ಅಂತ ಟಾರ್ಗೆಟ್. ನೀರು ಕುಡಿಯೋಕೆ ಎದ್ದರೂ ಲೆಕ್ಕ ತಪ್ಪುತ್ತೆ. ಇಡೀ ಶರ್ಟ್ ಹೊಲಿಯಬಲ್ಲ ಕೈಯನ್ನ ಕಾಲರಿಗೆ ಕಟ್ಟಿಹಾಕಿ, ಆಮೇಲೆ "ಅದೇನು ಮಹಾ ಕೆಲಸ" ಅನ್ನೋದು. ಸಂಬಳ ಕಡಿಮೆ ಕೊಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. "ಹೆಣ್ಮಕ್ಕಳಿಗೆ ಹೊಲಿಗೆ ಹುಟ್ಟಿನಿಂದಲೇ ಬರುತ್ತೆ" ಅನ್ನೋ ಮಾತೂ ಅಂಥದ್ದೇ. ಹುಟ್ಟಿನಿಂದ ಬಂದಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ?

2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನ 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. 18ನೇ ತಾರೀಖು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದರು. ಮಾರನೇ ದಿನ, 19ಕ್ಕೆ, ಸರ್ಕಾರ ನಿಯಮ ವಾಪಸ್ ತಗೊಂಡಿತು. ಆಗ ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ನಂಗೆ ನೆನಪಿದ್ದಿದ್ದು ಟ್ರಾಫಿಕ್ ಜಾಮ್ ಒಂದೇ. ಆ ನಿಯಮ ಸಾಫ್ಟ್‌ವೇರಿನವರ ಪಿಎಫ್‌ಗೂ ಸೇರಿತ್ತು ಅಂತ ಎಷ್ಟೋ ವರ್ಷದ ಮೇಲೆ ತಿಳೀತು. ನಮ್ಮ ದುಡ್ಡನ್ನೂ ಬಿಡಿಸಿಕೊಟ್ಟವರು ಅವರು. ನಾವು ಏಸಿ ಬಸ್ಸಲ್ಲಿ ಕೂತು ಬೈದವರು.

ಅದಕ್ಕೇ ಹೇಳ್ತಿದ್ದೀನಿ. ನೀವೆಲ್ಲ ಟೈಲರ್ ಆಗಬೇಕಿಲ್ಲ. ಆದರೆ "ಅನ್‌ಸ್ಕಿಲ್ಡ್" ಅನ್ನೋ ಮುಂಚೆ ಒಂದೇ ಒಂದು ಪೈಜಾಮ ಹೊಲಿದು ನೋಡಿ. ಶರ್ಟಿನ ಕಾಲರ್ ಬೇಡ, ಅದು ನಮ್ಮಂಥವರ ಕೈಲಿ ಆಗಲ್ಲ :)

ಗೆಳೆಯನಿಗೂ ಹೇಳಿದೆ, ಮಿಷನ್ನು ಅಕ್ಕನ ಮನೇಲಿದೆ, ಪ್ಯಾಂಟ್ ತಗೊಂಡು ಬಾ, ಹತ್ತು ನಿಮಿಷದ ಕೆಲಸ ತಾನೇ ಅಂತ. ಅವನು ನೂರೈವತ್ತು ಕೊಟ್ಟು ಟೈಲರ್ ಹತ್ತಿರವೇ ಮಾಡಿಸಿಕೊಂಡು ಬಂದ.