ತಾರೀಖನ್ನು ನಂಬುವ ಯಂತ್ರ

"ಬಿಲ್ಡ್ ಆಗ್ತಾ ಇದೆ ಅಮ್ಮ, ಇನ್ನು ಅರ್ಧ ಗಂಟೆ!" ಪುಣೆ, ಹೈದರಾಬಾದುಗಳ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಈ ಮಾತು ಕೇಳಿಬರುವುದುಂಟು. ಬಡಿಸಿದ ಸಾರು ಆರುತ್ತದೆ. ಒಂದಕ್ಷರವನ್ನೂ ತಿದ್ದದ ದಿನ ಸಹ ಇಷ್ಟು ಹೊತ್ತೇಕೆ? ಬಲ್ಲವರನ್ನು ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಮನುಷ್ಯರು ಬರೆದ ಮೂಲ ಕಡತಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು ಒಂದುಗೂಡಿಸುವುದೇ ಬಿಲ್ಡ್. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್ ಈ ಕೆಲಸಕ್ಕಾಗಿ 'ಮೇಕ್' ಎಂಬ ಸಾಧನವನ್ನು ರಚಿಸಿದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್, ತಪ್ಪನ್ನು ಆಗಲೇ ತಿದ್ದಿದ್ದರೂ ಆ ಕಡತವನ್ನು ಮತ್ತೆ ಕಂಪೈಲ್ ಮಾಡದೆ, ಇಲ್ಲದ ತಪ್ಪನ್ನು ಹುಡುಕುತ್ತ ಒಂದು ಬೆಳಗನ್ನೆಲ್ಲ ಕಳೆದಿದ್ದರು. ಮೇಕ್ ಹುಟ್ಟಿದ್ದು ಆ ಪೇಚಾಟದಿಂದ. ಅದರ ನ್ಯಾಯ ಸರಳ: ಸಿದ್ಧ ಕಡತಕ್ಕಿಂತ ಮೂಲ ಕಡತದ ತಾರೀಖು, ವೇಳೆ ಹೊಸದಾಗಿದ್ದರೆ ಮತ್ತೆ ಮಾಡು, ಇಲ್ಲವಾದರೆ ಬಿಡು. ಡಬ್ಬಿಯಲ್ಲಿ ಸಾರಿನ ಪುಡಿ ಇರುವಾಗ ದಿನವೂ ಮೆಣಸಿನಕಾಯಿ ಹುರಿಯುವ ಗೃಹಿಣಿ ಉಂಟೇ?

ತೊಡಕು ಬರುವುದು ಇಲ್ಲಿ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ 'ಗಿಟ್' ಕಡತಗಳ ಹಳೆಯ ಹೊಸ ರೂಪಗಳನ್ನೆಲ್ಲ ಜೋಪಾನವಾಗಿಡುತ್ತದೆ. ಕಡತದ ತಾರೀಖನ್ನು ಮಾತ್ರ ಇಡುವುದಿಲ್ಲ. ಕೆಲಸದ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಿ ಹಿಂದಿರುಗಿದರೆ, ಎರಡರ ನಡುವೆ ವ್ಯತ್ಯಾಸವಿದ್ದ ಕಡತಗಳಿಗೆಲ್ಲ ಆ ಕ್ಷಣದ ವೇಳೆಯೇ ಬೀಳುತ್ತದೆ. ಒಳಗಿನ ಬರಹ ಮೊದಲಿನದೇ. ಆದರೂ ಮೇಕ್ ಅದನ್ನು ಹೊಸದೆಂದೇ ಎಣಿಸಿ, ಅದನ್ನು ಆಧರಿಸಿದುದನ್ನೆಲ್ಲ ಪುನಃ ಕಟ್ಟಲು ಕೂರುತ್ತದೆ.

ಹಳೆಯ ತಾರೀಖನ್ನೇ ಮರಳಿಸಬಾರದೇ ಎಂದು ನಾವೂ ಕೇಳಿದೆವು. ಸೋಮವಾರ ಬರೆದುದನ್ನು ಮಂಗಳವಾರ ತಿದ್ದಿ ಬಿಲ್ಡ್ ಮಾಡಿದ್ದೇವೆ. ಬುಧವಾರ ಸೋಮವಾರದ ರೂಪವೇ ಬೇಕೆನಿಸಿತು ಎನ್ನೋಣ. ಅದು ಸೋಮವಾರದ ತಾರೀಖನ್ನೇ ಹೊತ್ತು ಬಂದರೆ, ಮಂಗಳವಾರದ ಸಿದ್ಧ ಕಡತವೇ ಹೊಸದೆಂದು ಮೇಕ್ ಸುಮ್ಮನಾಗುತ್ತದೆ. ಮೂಲ ಒಂದು, ಸಿದ್ಧವಾದುದು ಇನ್ನೊಂದು! ಜಾನ್ಸನ್ನರ ಆ ಬೆಳಗು ಮತ್ತೆ ಬಂದಂತೆಯೇ. ಆದುದರಿಂದ ಗಿಟ್‌ನ ಈ ಮರೆವು ದೋಷವಲ್ಲ, ಎಚ್ಚರ.

ಉಪಾಯಗಳೂ ಉಂಟು. 'ಗಿಟ್ ವರ್ಕ್‌ಟ್ರೀ' ಬಳಸಿ ಶಾಖೆಗೊಂದು ಬೇರೆ ಫೋಲ್ಡರನ್ನೇ ಇಟ್ಟುಕೊಳ್ಳಬಹುದು. 'ಸಿ-ಕ್ಯಾಶ್' ಎಂಬುದು ಮೂಲ ಕಡತದ ತಾರೀಖನ್ನು ನೆಚ್ಚದೆ ಒಳಗಿನ ಬರಹವನ್ನೇ ನೋಡಿ, ಹಿಂದೆ ಮಾಡಿಟ್ಟುದನ್ನು ತೆಗೆದುಕೊಡುತ್ತದೆ. ಮಕ್ಕಳು ಇವನ್ನು ನೋಡಲಿ. ತಾಯಂದಿರು ಅಲ್ಲಿಯವರೆಗೆ ಸಾರನ್ನು ಇನ್ನೊಮ್ಮೆ ಬಿಸಿಮಾಡಲಿ. ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ತಪ್ಪು ಕೆಲಸ ಹೊರಗೆ ಹೋಗಬಾರದು.