ಎಡಗಾಲಿಗೆ ಬಿಡುವು ಕೊಡುವ ಕಾರು

ವಿರೂಪಾಕ್ಷಿಪುರದಿಂದ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಹಳೆಯ ಹೆದ್ದಾರಿ ಹಿಡಿದು ರಾಮನಗರ, ಬಿಡದಿ ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಕಾರು ಓಡಿಸುವವರ ಎಡಗಾಲು ಎಷ್ಟು ಸಲ ಕ್ಲಚ್ ತುಳಿದಿರುತ್ತದೆ? ಯಾರೂ ಎಣಿಸುವುದಿಲ್ಲ. ಆದರೆ ಲೆಕ್ಕ ಕಷ್ಟವೇನಲ್ಲ. ರಸ್ತೆಯುಬ್ಬು ಬಂದಾಗ ವೇಗ ತಗ್ಗಿಸಿ ಎರಡನೇ ಗೇರಿಗೆ ಇಳಿಯಬೇಕು; ದಾಟಿದ ಮೇಲೆ ಮೂರಕ್ಕೆ, ನಾಲ್ಕಕ್ಕೆ ಏರಬೇಕು. ಅಲ್ಲಿಗೆ ಮೂರು ತುಳಿತ. ಉಬ್ಬು, ಸಿಗ್ನಲ್ಲು, ಅಡ್ಡ ನಿಂತ ಬಸ್ಸು ಎಲ್ಲ ಸೇರಿ ಇಂಥ ಐವತ್ತು ತಡೆ ಎದುರಾದವೆಂದು ಇಟ್ಟುಕೊಂಡರೆ 150 ತುಳಿತ. ಒಂದೊಂದಕ್ಕೆ ಸುಮಾರು 10 ಕಿಲೋಗ್ರಾಂ ಭಾರ ತಳ್ಳುವಷ್ಟು ಬಲ ಬೇಕಾದರೆ, ಪ್ರಯಾಣ ಮುಗಿಯುವ ಹೊತ್ತಿಗೆ ಆ ಒಂದು ಕಾಲು ಒಂದೂವರೆ ಟನ್ನನ್ನು ಕಂತುಕಂತಾಗಿ ತಳ್ಳಿದಂತಾಯಿತು. ಇಪ್ಪತ್ತೈದರ ಮಂಡಿಗೆ ಇದು ಗೊತ್ತೇ ಆಗುವುದಿಲ್ಲ. ಐವತ್ತೈದರ ಸವೆದ ಮಂಡಿ ಪ್ರತಿಯೊಂದನ್ನೂ ಎಣಿಸುತ್ತದೆ.

ಬದುಕಿನ ಒಂದು ತಮಾಷೆ ಇಲ್ಲಿದೆ. ಮನೆ ಕಟ್ಟಿ, ಸಾಲ ತೀರಿಸಿ, ಮಕ್ಕಳನ್ನು ಕಾಲೇಜಿಗೆ ಸೇರಿಸಿದ ಮೇಲೆ, ಯೌವನದಲ್ಲಿ ಕ್ಯಾಲೆಂಡರಿನಲ್ಲಿ ಕಂಡಿದ್ದ ನೆಲಕ್ಕಂಟಿದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಆಸೆ ಕೆಲವರಲ್ಲಿ ಮತ್ತೆ ಚಿಗುರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕೀಲುಗಳು ಮುಷ್ಕರ ಹೂಡುತ್ತವೆ. ‘ಆಟೋಮ್ಯಾಟಿಕ್ ತೆಗೆದುಕೊಂಡರೆ ಆಯಿತಲ್ಲ’ ಎಂದು ಮಗ ಹೇಳುತ್ತಾನೆ. ‘ಇನ್ನು ಕಾರು ಓಡಿಸುವುದೇ ಬೇಡ’ ಎಂದು ಮಗಳು ಹೇಳುತ್ತಾಳೆ. ಎರಡೂ ಪ್ರೀತಿಯ ಮಾತೇ. ಎರಡೂ ಅರ್ಧ ಉತ್ತರವೇ. ಪೂರ್ತಿ ಉತ್ತರ ಹೈಸ್ಕೂಲಿನ ಭೌತವಿಜ್ಞಾನದಲ್ಲಿ, ಅಂದರೆ ಸನ್ನೆ, ರಾಟೆ, ಗುರುತ್ವ ಕೇಂದ್ರ ಎಂಬ ಪಾಠಗಳಲ್ಲಿ ಇದೆ.

ಕ್ಲಚ್ ಎಂಬ ಅನಿವಾರ್ಯ

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಒಂದು ಹಟ ಇದೆ. ಅದು ನಿಮಿಷಕ್ಕೆ ಕೆಲವು ನೂರು ಸುತ್ತಿಗಿಂತ ನಿಧಾನವಾಗಿ ತಿರುಗಲಾರದು, ತಿರುಗಿಸಿದರೆ ನಿಂತುಹೋಗುತ್ತದೆ. ಆದರೆ ಸಿಗ್ನಲ್ಲಿನಲ್ಲಿ ಕಾರಿನ ಚಕ್ರ ನಿಂತಿರಬೇಕು. ತಿರುಗುವ ಎಂಜಿನ್ನನ್ನೂ ನಿಂತ ಚಕ್ರವನ್ನೂ ಬೇಕಾದಾಗ ಬಿಡಿಸಿ, ಬೇಕಾದಾಗ ಮೆಲ್ಲಗೆ ಕೂಡಿಸುವ ಕೊಂಡಿಯೇ ಕ್ಲಚ್. ಒಂದು ಬಲವಾದ ಸ್ಪ್ರಿಂಗು ಎರಡು ತಟ್ಟೆಗಳನ್ನು ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ಕಾಲು ಆ ಸ್ಪ್ರಿಂಗಿನ ವಿರುದ್ಧ ಕೆಲಸ ಮಾಡಿ ತಟ್ಟೆಗಳನ್ನು ಬೇರ್ಪಡಿಸುತ್ತದೆ.

ಪೆಡಲ್ ಒಂದು ಸನ್ನೆ. ಅದು ಬೇಕಾಗುವ ಬಲವನ್ನು ಕಡಿಮೆ ಮಾಡುತ್ತದೆ. ಬದಲಿಗೆ ಕಾಲು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಪ್ರಕೃತಿ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಎಂಜಿನ್ ಬಲಿಷ್ಠವಾದಷ್ಟೂ ತಟ್ಟೆಗಳು ಜಾರದಂತೆ ಹಿಡಿಯಲು ಸ್ಪ್ರಿಂಗೂ ಬಲಿಷ್ಠವಾಗಿರಬೇಕು. ಆದ್ದರಿಂದಲೇ ಶಕ್ತಿಶಾಲಿ ಸ್ಪೋರ್ಟ್ಸ್ ಕಾರಿನ ಕ್ಲಚ್ ಸಾಮಾನ್ಯವಾಗಿ ಸಣ್ಣ ಕಾರಿನದಕ್ಕಿಂತ ಬಿಗಿ. ಕಾರಿನ ಶಕ್ತಿ ಹೆಚ್ಚಾದಂತೆ ಮಂಡಿಯ ದುಡಿಮೆಯೂ ಹೆಚ್ಚುತ್ತದೆ.

ಕಾಲಿನ ಕೆಲಸ ಯಂತ್ರಕ್ಕೆ

ಈ ದುಡಿಮೆಯನ್ನು ಯಂತ್ರಕ್ಕೆ ಒಪ್ಪಿಸುವ ವಿಧಾನಗಳು ಹಲವು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಎರಡನೆಯದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರೂ ಮೊದಲನೆಯದು ನಿಲ್ಲದು. ಗಾಳಿಯ ಬದಲು ಎಣ್ಣೆ ತುಂಬಿ, ಹರಿವನ್ನು ತಿರುಗಿಸುವ ಮತ್ತೊಂದು ರೆಕ್ಕೆ ಚಕ್ರವನ್ನು ನಡುವೆ ಇಟ್ಟರೆ ಟಾರ್ಕ್ ಕನ್ವರ್ಟರ್ ಆಗುತ್ತದೆ. ಜರ್ಮನಿಯ ಹರ್ಮನ್ ಫಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ಹೊರತಂದ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್ ಪೆಟ್ಟಿಗೆಯಲ್ಲಿ ಇದರದೇ ಸರಳ ರೂಪವಾದ ದ್ರವ ಜೋಡಣೆ ಇತ್ತು. ಎಡಗಾಲಿನ ಪೆಡಲ್ ಕಾರಿನಿಂದ ಮಾಯವಾದದ್ದು ಹೀಗೆ.

ಎರಡನೆಯದು ಸಿ.ವಿ.ಟಿ. ಹಿಟ್ಟಿನ ಗಿರಣಿಯಲ್ಲಿ ದೊಡ್ಡ ಗಾಲಿಯಿಂದ ಸಣ್ಣ ಗಾಲಿಗೆ ಬೆಲ್ಟ್ ಹಾಕಿರುವುದನ್ನು ಎಲ್ಲರೂ ನೋಡಿದ್ದಾರೆ. ಓಡುತ್ತಿರುವಾಗಲೇ ಆ ಗಾಲಿಗಳು ದೊಡ್ಡದು ಚಿಕ್ಕದಾಗುತ್ತ ಹೋದರೆ? ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ಅದನ್ನೇ ಕಾರಿನಲ್ಲಿ ಅಳವಡಿಸಿ ತೋರಿಸಿತು. ಇದರಲ್ಲಿ ಗೇರು ಬದಲಾಗುವ ಕುಲುಕಾಟವೇ ಇಲ್ಲ.

ಮೂರನೆಯದು ಎ.ಎಂ.ಟಿ. ಇದರಲ್ಲಿ ಕ್ಲಚ್ಚೂ ಗೇರೂ ಹಳೆಯವೇ. ತುಳಿಯುವುದು ಮಾತ್ರ ಕಾಲಲ್ಲ, ಕಂಪ್ಯೂಟರಿನ ಅಪ್ಪಣೆಯಂತೆ ಕೆಲಸ ಮಾಡುವ ಒಂದು ಯಂತ್ರ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಬಂತು. ಬೆಲೆ ಕಡಿಮೆ, ಗೇರು ಬದಲಾಗುವಾಗ ತುಸು ತೂಗಾಡಿಸುತ್ತದೆ. ಕುತ್ತಿಗೆ ನೋವಿರುವವರು ಒಮ್ಮೆ ಓಡಿಸಿ ನೋಡಿಯೇ ಕೊಳ್ಳುವುದು ಮೇಲು.

ನಾಲ್ಕನೆಯದು ಜೋಡಿ ಕ್ಲಚ್ಚಿನದು. ಒಂದು ಕ್ಲಚ್ 1, 3, 5ನೇ ಗೇರುಗಳನ್ನೂ ಇನ್ನೊಂದು 2, 4, 6ನ್ನೂ ನೋಡಿಕೊಳ್ಳುತ್ತವೆ. ಒಂದು ಗೇರು ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ನಿಂತಿರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬದಲಾವಣೆ ಮುಗಿದಿರುತ್ತದೆ. ಈಚಿನ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿರುವುದು ಇದೇ.

ಆಟೋಮ್ಯಾಟಿಕ್ ಎಂದರೆ ಕಳಪೆಯೇ?

ಆಟೋಮ್ಯಾಟಿಕ್ ಆದರೆ ಅದು ನಿಜವಾದ ಸ್ಪೋರ್ಟ್ಸ್ ಕಾರೇ ಅಲ್ಲ ಎನ್ನುವವರು ಉಂಟು. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಹೆಸರಾಂತ ಸ್ಪೋರ್ಟ್ಸ್ ಕಾರು ಷೆವರ್ಲೆ ಕಾರ್ವೆಟ್ 1953ರಲ್ಲಿ ಮೊದಲು ಬಂದಾಗ ತಯಾರಾದ 300 ಕಾರುಗಳಲ್ಲೂ ಇದ್ದದ್ದು ಎರಡೇ ಗೇರಿನ ಆಟೋಮ್ಯಾಟಿಕ್ ಪೆಟ್ಟಿಗೆ. 1989ರ ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಗೆದ್ದ ಫೆರಾರಿ ಕಾರಿನಲ್ಲಿ ಗೇರು ಬದಲಿಸಲು ಸ್ಟಿಯರಿಂಗ್ ಹಿಂದಿನ ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಸಾಕಾಗಿತ್ತು. ಅಂಥ ವ್ಯವಸ್ಥೆಯ ಕಾರು ಫಾರ್ಮುಲಾ ಒನ್ ಪಂದ್ಯ ಗೆದ್ದದ್ದು ಅದೇ ಮೊದಲು. ಇಂದಿನ ಜೋಡಿ ಕ್ಲಚ್ ಪೆಟ್ಟಿಗೆ ಎಂಥ ನುರಿತ ಕಾಲಿಗಿಂತಲೂ ಬೇಗ ಗೇರು ಬದಲಿಸುತ್ತದೆ. ಎಡಗಾಲಿಗೆ ಬಿಡುವು ಕೊಟ್ಟ ಮಾತ್ರಕ್ಕೆ ಯಾರ ಚಾಲಕತನವೂ ಕುಂದುವುದಿಲ್ಲ.

ಮಣೆಯೂ ಕುರ್ಚಿಯೂ

ಹಾಗಾದರೆ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರು ಕೊಂಡರೆ ಸಮಸ್ಯೆ ಮುಗಿಯಿತೆ? ಇಲ್ಲ. ಇಲ್ಲಿಯೇ ಬಹಳ ಮಂದಿ ಎಡವುವುದು. ಅವರು ಕಾರಿನ ಗೇರನ್ನು ವಿಚಾರಿಸುತ್ತಾರೆ, ಆಸನದ ಎತ್ತರವನ್ನು ವಿಚಾರಿಸುವುದಿಲ್ಲ.

ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿಕೊಂಡಂತಿರುವುದು ಬರೀ ಅಂದಕ್ಕಲ್ಲ. ತಿರುವಿನಲ್ಲಿ ಕಾರನ್ನು ಹೊರಕ್ಕೆ ಉರುಳಿಸಲು ನೋಡುವ ಪರಿಣಾಮ ಗುರುತ್ವ ಕೇಂದ್ರ ಎತ್ತರವಿದ್ದಷ್ಟೂ ಹೆಚ್ಚು. ಹುಲ್ಲು ಹೇರಿದ ಲಾರಿ ವಾಲುತ್ತದೆ, ಅಗಲ ತಳದ ಹಿತ್ತಾಳೆ ಚೆಂಬು ವಾಲುವುದಿಲ್ಲ. ಎಂಜಿನ್, ಆಸನ, ಕೂತವರು ಎಲ್ಲರನ್ನೂ ಕೆಳಗಿಳಿಸಿದರೆ ಕಾರು ವೇಗದ ತಿರುವಿನಲ್ಲೂ ಭದ್ರ. ಆದರೆ ರಸ್ತೆಗೆ ಒಳ್ಳೆಯದಾದ ಈ ತಗ್ಗು ಆಸನ ಮಂಡಿಗೆ ಒಳ್ಳೆಯದಲ್ಲ.

ಕುರ್ಚಿಯಿಂದ ಏಳುವುದಕ್ಕೂ ಊಟದ ಮಣೆಯಿಂದ ಏಳುವುದಕ್ಕೂ ಇರುವ ವ್ಯತ್ಯಾಸ ಮಂಡಿನೋವಿನವರಿಗೆ ಚೆನ್ನಾಗಿ ಗೊತ್ತು. ಮಣೆಯಿಂದ ಏಳುವಾಗ ಮಂಡಿ ಪೂರ್ತಿ ಮಡಚಿರುತ್ತದೆ. ದೇಹದ ಭಾರ ಮಂಡಿಯಿಂದ ದೂರ, ಹಿಂದಕ್ಕೆ ಇರುತ್ತದೆ. ಬಾಗಿಲಿನ ತಿರುಗುಣಿಯಿಂದ ದೂರದಲ್ಲಿ ಬಲ ಹಾಕಿದಷ್ಟೂ ಪರಿಣಾಮ ಹೆಚ್ಚು ಎಂಬ ನಿಯಮ ಇಲ್ಲಿ ನಮ್ಮ ವಿರುದ್ಧ ಕೆಲಸ ಮಾಡುತ್ತದೆ. ಆ ಭಾರವನ್ನು ಎತ್ತಲು ತೊಡೆಯ ಮುಂಭಾಗದ ಸ್ನಾಯು ಅಷ್ಟೇ ಜೋರಾಗಿ ಎಳೆಯಬೇಕು. ಎಳೆದಷ್ಟೂ ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಬರೀ ಮೆಟ್ಟಿಲು ಹತ್ತುವಾಗಲೇ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಹೊರೆ ಬೀಳುತ್ತದೆ. ತಗ್ಗಿನ ಕಾರಿನಿಂದ ಏಳುವುದೆಂದರೆ, ಅದೂ ಒಂದು ಕಾಲು ಹೊರಗೆ ಒಂದು ಕಾಲು ಒಳಗೆ ಇಟ್ಟು ಮೈ ತಿರುಚಿ ಏಳುವುದೆಂದರೆ, ಸೊಂಟಕ್ಕೂ ಮಂಡಿಗೂ ಕಷ್ಟವೇ. 150 ತುಳಿತ ಉಳಿಸಿದ ಕಾರು ಹತ್ತಿ ಇಳಿಯುವಾಗ ಬಡ್ಡಿ ಸಮೇತ ವಸೂಲು ಮಾಡಬಹುದು.

ಇನ್ನೊಂದು ಮಾತು ನಮ್ಮ ರಸ್ತೆಗೆ ಸೇರಿದ್ದು. ಭಾರತೀಯ ರಸ್ತೆ ಕಾಂಗ್ರೆಸ್ ನಿಗದಿ ಮಾಡಿದ ರಸ್ತೆಯುಬ್ಬಿನ ಎತ್ತರ 10 ಸೆಂಟಿಮೀಟರ್. ಹಳ್ಳಿದಾರಿಯ ಉಬ್ಬುಗಳು ಆ ಪುಸ್ತಕ ಓದಿ ಹುಟ್ಟಿದವಲ್ಲ. ಹೊಟ್ಟೆ ನೆಲಕ್ಕೆ ಹತ್ತಿರವಿರುವ, ಗಡುಸು ಸ್ಪ್ರಿಂಗಿನ ಕಾರು ಇಂಥ ಉಬ್ಬುಗಳ ಮೇಲೆ ಕೆಳಗೆ ಉಜ್ಜುತ್ತದೆ. ಉಜ್ಜದಿದ್ದರೂ ಪ್ರತಿ ಹೊಡೆತವನ್ನು ಬೆನ್ನುಮೂಳೆಗೆ ತಲುಪಿಸುತ್ತದೆ.

ನೋಯುವ ಕೀಲು ಯಾವುದು?

ಆದ್ದರಿಂದ ಮೊದಲ ಪ್ರಶ್ನೆ ‘ಯಾವ ಕಾರು?’ ಅಲ್ಲ, ‘ಯಾವ ಕೀಲು?’

ನೋವು ಎಡ ಮಂಡಿಯಲ್ಲಿ ಅಥವಾ ಎಡ ಹಿಮ್ಮಡಿಯಲ್ಲಿ ಮಾತ್ರ ಇದ್ದರೆ ಯಾವುದೇ ಬಗೆಯ ಆಟೋಮ್ಯಾಟಿಕ್ ದೊಡ್ಡ ಉಪಕಾರಿ. ಸೊಂಟದಲ್ಲಿ ಅಥವಾ ಎರಡೂ ಮಂಡಿಗಳಲ್ಲಿ ಇದ್ದರೆ ಆಸನದ ಎತ್ತರ ಗೇರಿನಷ್ಟೇ ಮುಖ್ಯ. ಕೂತಾಗ ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ಕಾಲು ನೆಲಕ್ಕಿಟ್ಟು ಕುರ್ಚಿಯಿಂದ ಎದ್ದಂತೆ ಏಳಲು ಬರಬೇಕು. ಬೆರಳು, ಮಣಿಕಟ್ಟುಗಳಲ್ಲಿ ಸಂಧಿವಾತ ಇರುವವರು ಹಗುರವಾದ ಸ್ಟಿಯರಿಂಗ್, ಬೀಗದ ಕೈ ತಿರುಚದೆ ಗುಂಡಿ ಒತ್ತಿ ಚಾಲೂ ಮಾಡುವ ವ್ಯವಸ್ಥೆ, ವಿದ್ಯುತ್ತಿನ ಪಾರ್ಕಿಂಗ್ ಬ್ರೇಕ್ ಇವುಗಳನ್ನು ನೋಡಬೇಕು. ಕುತ್ತಿಗೆ ತಿರುಗದಿದ್ದರೆ ಹಿಂಬದಿಯ ಕ್ಯಾಮೆರಾ ಬೇಕು.

ನೋವು ಬಲಗಾಲಿನಲ್ಲಿದ್ದರೆ ವಿಷಯ ಬೇರೆ. ಆಟೋಮ್ಯಾಟಿಕ್ ಕಾರಿನಲ್ಲೂ ಆಕ್ಸಿಲರೇಟರ್, ಬ್ರೇಕ್ ಎರಡೂ ಬಲಗಾಲಿನವೇ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ನೋವಿಗೆ ಅಂಜಿ ಕಾಲು ಅರ್ಧ ಸೆಕೆಂಡು ತಡ ಮಾಡಿದರೆ ಬ್ರೇಕ್ ಹಿಡಿಯುವ ಮೊದಲೇ 14 ಮೀಟರ್ ಮುಗಿದಿರುತ್ತದೆ. ಆ 14 ಮೀಟರಿನಲ್ಲಿ ಬೇರೆಯವರ ಮಕ್ಕಳೂ ಇರಬಹುದು. ಇಂಥವರು ಮೊದಲು ಕಾಣಬೇಕಾದ್ದು ಕಾರಿನ ಅಂಗಡಿಯನ್ನಲ್ಲ, ವೈದ್ಯರನ್ನು. ನೋವಿನ ಮಾತ್ರೆಗಳಲ್ಲಿ ಕೆಲವು ತೂಕಡಿಕೆ ತರುತ್ತವೆ. ಅದನ್ನೂ ಕೇಳಿ ತಿಳಿಯಬೇಕು. ಕಾಲೇ ಬಳಸದೆ ಕೈಯಿಂದ ಬ್ರೇಕು, ವೇಗ ನಿಯಂತ್ರಿಸುವ ಜೋಡಣೆಗಳೂ ಇವೆ. 2001ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡ ಇಟಲಿಯ ಅಲೆಕ್ಸ್ ಜನಾರ್ಡಿ ಮಾರ್ಪಡಿಸಿದ ಕಾರಿನಲ್ಲಿ 2005ರಲ್ಲಿ ವಿಶ್ವ ಟೂರಿಂಗ್ ಕಾರ್ ಪಂದ್ಯವೊಂದನ್ನು ಗೆದ್ದರು. ನಮ್ಮಲ್ಲಿ ಇಂಥ ಮಾರ್ಪಾಡಿಗೆ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು, ನೋಂದಣಿ ಪತ್ರದಲ್ಲಿ ಬರೆಸಬೇಕು.

ಮೂವತ್ತು ವರ್ಷ ಕ್ಲಚ್ ತುಳಿದವರು ಆಟೋಮ್ಯಾಟಿಕ್ಕಿಗೆ ಬಂದಾಗ ಒಂದು ಅಪಾಯ ಕಾದಿರುತ್ತದೆ. ಗಾಬರಿಯಾದಾಗ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ, ಅಗಲವಾದ ಬ್ರೇಕ್ ಪೆಡಲನ್ನು ಒದ್ದುಬಿಡುತ್ತದೆ. ಕಾರು ಗಕ್ಕನೆ ನಿಂತು ಹಿಂದಿನ ವಾಹನ ಬಂದು ಗುದ್ದಬಹುದು. ಎಡಗಾಲನ್ನು ಹಿಂದಕ್ಕೆ ಸರಿಸಿಟ್ಟು, ಖಾಲಿ ಮೈದಾನದಲ್ಲಿ ಕೆಲವು ದಿನ ಅಭ್ಯಾಸ ಮಾಡಿಯೇ ರಸ್ತೆಗಿಳಿಯಬೇಕು.

ಉತ್ತರ ಪಕ್ಕದಲ್ಲೇ ಇದೆ

ಕ್ಲಚ್ಚಿಲ್ಲದ ಕಾರಿಗಾಗಿ ಸಮುದ್ರದಾಚೆ ನೋಡಬೇಕಾಗಿಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಪುಟ್ಟ ರೇವಾ ವಿದ್ಯುತ್ ಕಾರಿನಲ್ಲಿ ಕ್ಲಚ್ಚೂ ಇರಲಿಲ್ಲ, ಗೇರು ಬದಲಿಸುವ ಕೆಲಸವೂ ಇರಲಿಲ್ಲ. ವಿದ್ಯುತ್ ಮೋಟಾರು ಸೊನ್ನೆ ವೇಗದಿಂದಲೇ ಪೂರ್ಣ ಬಲದಲ್ಲಿ ಎಳೆಯಬಲ್ಲದು. ಅದಕ್ಕೆ ಎಂಜಿನ್ನಿನ ಹಟವಿಲ್ಲ. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇರುವ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಯಾರಾಗಿವೆ. ಎಂಜಿನ್ ಮತ್ತು ವಿದ್ಯುತ್ ಮೋಟಾರುಗಳು ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಮೂಲಕ ಕೂಡಿ ದುಡಿಯುವುದರಿಂದ ಇವುಗಳಲ್ಲಿ ಕ್ಲಚ್ ಪೆಡಲ್ ಇಲ್ಲ. ಇವು ಸ್ಪೋರ್ಟ್ಸ್ ಕಾರುಗಳಲ್ಲ, ನಿಜ. ಆದರೆ ನಿಂತಲ್ಲಿಂದ ಚಿಮ್ಮುವ ಸುಖವೇ ಬೇಕಿದ್ದರೆ, ಇಂದು ಕುರ್ಚಿಯೆತ್ತರದ ಆಸನವಿರುವ ವಿದ್ಯುತ್ ಕಾರುಗಳೂ ಅದನ್ನು ಕೊಡುತ್ತವೆ.

ಕೊಳ್ಳುವ ಮುನ್ನ ಮನೆಯ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಅಪ್ಪ ಅಥವಾ ಅಮ್ಮ ನೋವಿಲ್ಲದೆ ಏಳಬಲ್ಲ ಆಸನ ಯಾವುದೆಂದು ಕುರ್ಚಿ, ಮಂಚ, ಮೋಡಾಗಳಲ್ಲಿ ಕೂರಿಸಿ ನೋಡಿ, ಅದರ ಎತ್ತರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಬೇಕು. ಆ ಟೇಪನ್ನು ಕಾರಿನ ಅಂಗಡಿಗೂ ಒಯ್ದು ನೆಲದಿಂದ ಆಸನದವರೆಗೆ ಅಳೆಯಬೇಕು. ನಂತರ ಅವರೇ ಐದು ಸಲ ಹತ್ತಿ ಇಳಿಯಲಿ. ಅರ್ಧ ಗಂಟೆ ಓಡಿಸಲಿ. ಮಾರನೆಯ ಬೆಳಿಗ್ಗೆ ಮಂಡಿ ಏನು ಹೇಳುತ್ತದೆಂದು ಕೇಳಲಿ. ಹಿರಿಯರ ಕೈಯಿಂದ ಕಾರಿನ ಬೀಗದ ಕೈ ಕಿತ್ತುಕೊಳ್ಳುವುದು ಸುಲಭ. ಆದರೆ ಬಸ್ಸು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕಾದ ಊರಿನಲ್ಲಿ ಆ ಕೈ ಆಸ್ಪತ್ರೆಗೆ, ಸಂತೆಗೆ, ನೆಂಟರ ಮನೆಗೆ ದಾರಿ. ಅದನ್ನು ಕಿತ್ತುಕೊಳ್ಳುವ ಮೊದಲು ಒಮ್ಮೆ ಟೇಪು ಹಿಡಿದು ನೋಡುವುದು ಒಳ್ಳೆಯದು.